ಎಡತೋಳಿನ ಶಂಖ

ನವೆಂಬರ್ ೧೯, ೧೯೩೪

ಹತ್ತಿ ಪ್ರೆಸ್ಸಿನ ಗೋದಾಮಿನಲ್ಲಿ ಇಲಿ ಸತ್ತು ಬಿದ್ದಿವೆಯಂತೆ. ಬೆಳಿಗ್ಗೆ ಹಾಲು ಕೊಡಲು ಬಂದ ಬಸವಕ್ಕ ಹೇಳಿ ಹೋದಳು. ಆದವಾನಿಯವರಿಗೆ ಇಷ್ಟು ಸಾಕು, ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಲಿ ಬಿದ್ದ ಮೇಲೆ ಪ್ಲೇಗು ಬರುತ್ತದೆ, ಪ್ಲೇಗು ಬಂದರೆ ಮನೆಗೆ ಬೀಗ ಹಾಕಿ ಹೊಲದಲ್ಲಿ ತಟ್ಟಿಯ ಗುಡಿಸಲು ಕಟ್ಟಿಕೊಂಡು ಇರಬೇಕು. ಯಾರ ಹೊಲ ಚೆನ್ನ ಎಂದು ಓಣಿಯ ಗಂಡಸರು ಆಗಲೇ ವಾದಕ್ಕೆ ಕೂತಿದ್ದಾರೆ, ಮದುವೆಯ ಚಪ್ಪರಕ್ಕೆ ಜಾಗ ಹುಡುಕುವವರ ಹಾಗೆ.

ಅಣ್ಣ ಮುನಿಸಿಪಾಲಿಟಿಯಿಂದ ಒಂದು ಇಂಗ್ಲಿಷ್ ಕರಪತ್ರ ತಂದರು. ಕನ್ನಡಕ್ಕೆ ಆಗಬೇಕಂತೆ, ಬೇಗ ಆಗಬೇಕಂತೆ. ಅಣ್ಣ ಅಂದರೆ ಅನಂತಾಚಾರ್ಯರು, ಹೈಸ್ಕೂಲಿನ ಕನ್ನಡ ಪಂಡಿತರು, ನಮ್ಮ ಓಣಿಗೆಲ್ಲ ಶಾಸ್ತ್ರ ಹೇಳುವವರು. ಅವರಿಗೆ ಬಾರದ ವಿದ್ಯೆ ಇಂಗ್ಲಿಷ್ ಒಂದೇ, ಅದು ಊರಿಗೆ ಗೊತ್ತಿಲ್ಲ. ಆದ್ದರಿಂದ ಕರಪತ್ರ ನನ್ನ ಮಡಿಲಿಗೆ ಬಿತ್ತು. ನಮ್ಮ ಮನೆಯವರು ರೈಲ್ವೆಯಲ್ಲಿ ಟಿಕೀಟು ಕೊಡುತ್ತಿದ್ದವರು. ಇದ್ದಷ್ಟು ದಿನ ಸಂಜೆ ಹೊತ್ತು ನನಗೆ ಇಂಗ್ಲಿಷ್ ಕಲಿಸಿದರು. ಹೋಗುವಾಗ ಒಂದು ದಪ್ಪ ನಿಘಂಟನ್ನೂ ಮಗಳು ತುಂಗಾಳನ್ನೂ ಬಿಟ್ಟುಹೋದರು.

ಅವರು ಹೋದ ಮೇಲೆ ಅತ್ತೆಯ ಮನೆಯವರು ನನ್ನ ತಲೆ ಬೋಳಿಸಲು ಹಜಾಮನನ್ನು ಕರೆಸಿದ್ದರು. ಅಣ್ಣ ಬಂದು ಬಾಗಿಲಿಗೆ ಅಡ್ಡ ನಿಂತರು. ಯಾರು ಏನೆಂದರೂ ಕೇಳದೆ ನನ್ನನ್ನೂ ಕೂಸನ್ನೂ ತಮ್ಮ ಮನೆಗೆ ಕರೆತಂದರು. ತಲೆ ಬಾಚಿಕೊಳ್ಳುವಾಗೆಲ್ಲ ನನಗೆ ಅದು ನೆನಪಾಗುತ್ತದೆ. ಅವರಿಗೋಸ್ಕರ ಒಂದಲ್ಲ, ಒಂದು ಗಾಡಿ ಕರಪತ್ರ ಬರೆದೇನು.

ಮೊದಲ ಸಾಲಿನಲ್ಲೇ ‘ಡಿಸೀಸ್’ ಎಂಬ ಮಾತಿದೆ. ರೋಗ ಎಂದು ಬರೆದು ಮುಂದೆ ಹೋಗಬಹುದಿತ್ತು, ಆದರೆ ನನಗೆ ಆ ಬುದ್ಧಿ ಎಲ್ಲಿದೆ? ನಿಘಂಟು ತೆಗೆದೆ. ‘ಈಸ್’ ಅಂದರೆ ನಿರಾಳ, ನೆಮ್ಮದಿ. ‘ಡಿಸ್’ ಅಂದರೆ ಅದು ಇಲ್ಲದಿರುವುದು. ಅಷ್ಟೇ. ಹಿಂದಿನ ಕಾಲದ ಇಂಗ್ಲಿಷಿನವರು ಜ್ವರಕ್ಕೇ ಅಂತಲ್ಲ, ಮನಸ್ಸಿನ ಎಂಥ ಕಿರಿಕಿರಿಗೂ ಇದೇ ಮಾತು ಆಡುತ್ತಿದ್ದರಂತೆ. ಓದಿ ನಗು ಬಂತು. ಕಂಕುಳಲ್ಲಿ ಗಂಟೆದ್ದು ನೋಡನೋಡುತ್ತ ಹೆಣವಾಗುವ ಬೇನೆಗೆ ‘ನೆಮ್ಮದಿ ಇಲ್ಲ’ ಎಂದು ಹೆಸರೇ? ಸೊಳ್ಳೆ ಕಚ್ಚಿಸಿಕೊಂಡವರು ಇಟ್ಟಿರಬೇಕು.

ನವೆಂಬರ್ ೨೨

ಆ ಮಾತಿಗೆ ಅಣ್ಣನೂ ನಾನೂ ಒಂದು ಸಂಜೆಯೆಲ್ಲ ಜಗಳಾಡಿದೆವು. ಅವರಿಗೆ ‘ವ್ಯಾಧಿ’ ಬೇಕು. ನನಗೆ ಬಸವಕ್ಕ ಆಡುವ ‘ಬೇನೆ’ ಬೇಕು. ಕರಪತ್ರ ಓದಬೇಕಾದವರು ಅವಳಂಥವರು ತಾನೆ? ಅಣ್ಣ ‘ರೋಗ’ ಎಂಬುದರ ಮೂಲ ಹೇಳಿದರು. ರುಜ್ ಎಂದರೆ ಮುರಿಯುವುದು, ಒಳಗಿನಿಂದ ಮುರಿಯುವಂಥದ್ದು ರೋಗ. ‘ಅಸ್ವಸ್ಥ’ ಎಂದರೆ ತನ್ನಲ್ಲಿ ತಾನು ನಿಲ್ಲಲಾರದವನು. ಎಷ್ಟು ಚೆಂದ ಹೇಳುತ್ತಾರೆ! ಇಂಗ್ಲಿಷಿನವರ ಸೊಳ್ಳೆಕಡಿತದ ಮಾತಿಗಿಂತ ನಮ್ಮದೇ ಗಟ್ಟಿ ಎಂದು ಇಬ್ಬರೂ ನಕ್ಕೆವು. ಕೊನೆಗೆ ರೋಗ ಎಂದೇ ಬರೆದೆ. ಇಂಥ ಸಂಜೆ ಬಂದು ಬಹಳ ದಿನವಾಗಿತ್ತು.

ಇವತ್ತು ಅದನ್ನು ಅಣ್ಣ ಜಗಲಿಯಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ಭೇಷ್ ಎಂದರು. ಎಲ್ಲರೂ ತಪ್ಪದೆ ಪ್ಲೇಗಿನ ಸೂಜಿ ಹಾಕಿಸಿಕೊಳ್ಳಬೇಕು ಎಂಬುದು ಕರಪತ್ರದ ಕೊನೆಯ ಸಾಲು. ಮಂದಿ ಹೋದ ಮೇಲೆ, ನಾವು ಯಾವತ್ತು ಹಾಕಿಸಿಕೊಳ್ಳೋದು ಎಂದು ಕೇಳಿದೆ.

“ಅದು ಊರಿಗಂತ ಬರೆದದ್ದು, ಜಯಾ” ಎಂದರು ಅಣ್ಣ. “ಆ ಔಷಧ ಮಾಂಸದ ಸಾರಿನಾಗ ಮಾಡ್ತಾರ. ಶಂಖ ಚಕ್ರದ ಮುದ್ರಿ ಹಚ್ಚಿಕೊಳ್ಳೋ ತೋಳಿಗೆ ಅದನ್ನ ಚುಚ್ಚಿಸಿಕೊಂಡ್ರ ನಾವು ಯಾರು ಅನ್ನೋದ ಉಳಿಯಂಗಿಲ್ಲ.”

ತುಂಗಾಳಿಗಾದರೂ ಹಾಕಿಸೋಣ, ಕೂಸು, ಅವಳಿಗೆಲ್ಲಿಯ ಮುದ್ರೆ ಎಂದೆ. ನನಗೆ ಇರುವುದು ಅವಳೊಬ್ಬಳೇ.

“ನನ್ನ ರುಕ್ಕೂಗ ಬ್ಯಾಡಾದದ್ದು ನಿನ್ನ ತುಂಗಾಗ ಯಾಕ ಬೇಕು?”

ನ್ಯಾಯವಾದ ಮಾತು. ರುಕ್ಕು ಅವರ ಒಬ್ಬಳೇ ಮಗಳು, ತುಂಗಾಳ ಓರಗೆಯವಳು, ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ.

ಪಕ್ಕದ ಮನೆಯ ಅನ್ನಪೂರ್ಣಾಬಾಯಿಯ ಮಗ ಶ್ರೀನಿವಾಸನೂ ಇದನ್ನೇ ಕೇಳಲು ಬಂದಿದ್ದ. ಹತ್ತಿ ಪ್ರೆಸ್ಸಿನಲ್ಲಿ ಗುಮಾಸ್ತ, ಅಲ್ಲಿ ಎಲ್ಲರೂ ಹಾಕಿಸಿಕೊಳ್ಳುತ್ತಿದ್ದಾರಂತೆ. ಅಣ್ಣ ಅವನಿಗೂ ಬೇಡವೆಂದರು. “ಆಚಾರ್ರ ಮನ್ಯಾಗಿಲ್ಲದ್ದು ನಮಗ್ಯಾಕ ಬಿಡ್ರಿ” ಎಂದು ನಗುತ್ತ ಹೋದ. ಒಳ್ಳೆಯ ಹುಡುಗ. ಮಾಘದಲ್ಲಿ ಅವನ ಮದುವೆ.

ಡಿಸೆಂಬರ್ ೧

ನಮ್ಮ ಹಿತ್ತಲಲ್ಲೇ ಇಲಿ ಬಿತ್ತು. ನಿನ್ನೆ ಗಾಡಿ ಕಟ್ಟಿಕೊಂಡು ಕೌತಾಳಂ ದಾರಿಯಲ್ಲಿರುವ ಬಸವಕ್ಕನ ಹೊಲಕ್ಕೆ ಬಂದೆವು. ಓಣಿ ಇದ್ದ ಹಾಗೆಯೇ ಎದ್ದು ಬಂದು ಕೂತಿದೆ. ಊರಲ್ಲಿ ಎಡಕ್ಕಿದ್ದವರು ಇಲ್ಲೂ ಎಡಕ್ಕೆ, ಬಲಕ್ಕಿದ್ದವರು ಬಲಕ್ಕೆ. ದೇವರಿಗೆ ಬೇರೆ ತಟ್ಟಿ. ಮಡಿ ಕಾಯುವುದೇ ಕಷ್ಟ. ಬಸವಕ್ಕನ ಕುರಿಗಳಿಗೆ ಆಚಾರವಿಚಾರ ಯಾರೂ ಕಲಿಸಿಲ್ಲ. ಇವತ್ತು ಒಂದು ಕುರಿ ನೇರ ಒಳಗೆ ಹೋಗಿ ತುಳಸಿಯ ಕುಂಡ ಅರ್ಧ ತಿಂದು ಬಂತು. ಅಣ್ಣನ ಹೆಂಡತಿ, ನಮ್ಮ ವೈನಿ, ಅತ್ತರು, ನಾನು ನಕ್ಕೆ.

ಬಸವಕ್ಕ ಸೂಜಿ ಹಾಕಿಸಿಕೊಂಡಿದ್ದಾಳೆ. ಎಡತೋಳು ಊದಿಕೊಂಡು, ನೋವಿಗೆ ಕೊಡ ಎತ್ತಲಾರಳು. “ನೊಪ್ಪಿ ಭಾಳ ಐತಮ್ಮಾ. ಒಂದಿನ ಜರಾನೂ ಬಂತು. ಆದ್ರ ಸುಂಕಣ್ಣ ಅಂದಾನ, ಅದು ಬಂದ್ರ ಸೂಜಿ ಹಿಡೀತು ಅಂತ ಅರ್ಥ” ಎಂದಳು. ಸುಂಕಣ್ಣ ಮುನಿಸಿಪಾಲಿಟಿಯ ಸೂಜಿಯವನು. ಹೊಲದಾಚೆಯ ಬೇವಿನ ಮರದಡಿ ಮೇಜು ಹಾಕಿಕೊಂಡು ಕೂರುತ್ತಾನೆ. ನಮ್ಮ ಓಣಿಯವರು ಅವನ ಕಡೆ ಬೆನ್ನು ಮಾಡಿ ನಡೆಯುತ್ತಾರೆ.

ಡಿಸೆಂಬರ್ ೭

ಅಣ್ಣ, ವೈನಿ, ರುಕ್ಕು ಮೊನ್ನೆ ಮಂತ್ರಾಲಯಕ್ಕೆ ಹೋಗಿ ಇವತ್ತು ಬಂದರು. ಬೇನೆ ಮನೆಯ ಹತ್ತಿರ ಸುಳಿಯದಿರಲೆಂದು ಹರಕೆ. ತುಂಗಾ ತಾನೂ ಬರುತ್ತೇನೆಂದು ಹಟ ಮಾಡಿದಳು. ತಟ್ಟಿ ಕಾಯಲು ನಿಮ್ಮವ್ವನಿಗೆ ಜೊತೆ ಬೇಡವೇ ಎಂದು ಅಣ್ಣ ರಮಿಸಿದರು. ಬರುವಾಗ ಅವಳಿಗೆಂದೇ ಮಂತ್ರಾಕ್ಷತೆ ತಂದು ತಾವೇ ತಲೆಯ ಮೇಲೆ ಹಾಕಿದರು. ಅದು ಉದುರಬಾರದೆಂದು ಅವಳು ಕುತ್ತಿಗೆ ನೆಟ್ಟಗೆ ಮಾಡಿಕೊಂಡೇ ಓಡಾಡುತ್ತಿದ್ದಾಳೆ. ನನಗೂ ಎದೆ ಹಗುರಾಯಿತು.

ಡಿಸೆಂಬರ್ ೮

ರುಕ್ಕುಗೆ ಜ್ವರ. ಅಣ್ಣನಿಗೂ ಮೈ ಬೆಚ್ಚಗಿದೆ. ರುಕ್ಕುವಿನ ಕಂಕುಳು ನೋಡಲು ಹೋದರೆ ವೈನಿ ಕೈ ಸರಿಸಿದರು, ಪ್ರಯಾಣದ ಆಯಾಸವಂತೆ. ಎಲೆ ಅಲ್ಲಾಡಿದರೆ ಹೆದರುವ ವೈನಿ ಇವತ್ತು ಹೆದರಿಲ್ಲ. ಕಷಾಯ ಮಾಡಿ ಕೊಟ್ಟೆ. ತುಂಗಾಳನ್ನು ನನ್ನ ಮಗ್ಗುಲಿಗೆ ಮಲಗಿಸಿಕೊಳ್ಳುತ್ತೇನೆ.

ಬೇಸರಕ್ಕೆ ಮತ್ತೆ ನಿಘಂಟು ತೆಗೆದೆ. ‘ಈಸ್’ ಎಂಬ ಮಾತಿಗೆ ಹಿಂದೆ ಎಲ್ಲಿಯ ಬೇರು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಹತ್ತಿರದಲ್ಲಿರುವುದು, ಮಗ್ಗುಲಲ್ಲಿ ಇರುವುದು ಎಂಬ ಅರ್ಥದ ಮಾತಿನಿಂದ ಬಂದಿರಬೇಕು ಎಂದು ಕೆಲವರ ಊಹೆ. ಅದು ನನಗೆ ಒಪ್ಪಿಗೆಯಾಯಿತು. ನೆಮ್ಮದಿ ಅಂದರೆ ಮತ್ತೇನು? ನಮ್ಮವರು ಮಗ್ಗುಲಲ್ಲಿರುವುದು.

ಡಿಸೆಂಬರ್ ೯

ದಿನಾ ಅಣ್ಣನ ಸ್ನಾನಕ್ಕೆ ಮುಂಚೆ ಗೋಪಿಚಂದನದ ಹೆಂಟೆ, ಹಿತ್ತಾಳೆಯ ಮುದ್ರೆಗಳು, ತಂಬಿಗೆಯಲ್ಲಿ ನೀರು ಇಟ್ಟು ಬರುವುದು ನನ್ನ ಕೆಲಸ. ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖ. ಅಪ್ಪನ ತೋಳಲ್ಲಿ ನೋಡಿದ್ದೆ, ಗಂಡನ ತೋಳಲ್ಲಿ ನೋಡಿದ್ದೆ, ಅಣ್ಣನ ತೋಳಲ್ಲಿ ದಿನಾ ನೋಡುತ್ತೇನೆ.

ಇವತ್ತು ಅಣ್ಣ ಶಾಲು ಹೊದ್ದು ಬಂದರು. ಊಟಕ್ಕೆ ಕೂತಾಗ ಶಾಲು ಜಾರಿತು. ಬಲತೋಳಲ್ಲಿ ಚಕ್ರವಿತ್ತು. ಎಡತೋಳಲ್ಲಿ ಶಂಖವಿರಲಿಲ್ಲ. ಅಲ್ಲಿ ಒಂದು ಬಟ್ಟೆಯ ಪಟ್ಟಿ ಇತ್ತು.

ಕುರುವಾಗಿರಬೇಕು. ಕುರುವಿನ ಮೇಲೆ ಮುದ್ರೆ ಒತ್ತುವುದಿಲ್ಲ.

ಡಿಸೆಂಬರ್ ೧೦, ಬೆಳಿಗ್ಗೆ

ರುಕ್ಕುಗೆ ಲಂಗದ ಪೋಲಕ ತೊಡಿಸಲು ಹೋದೆ. “ಆ ಕೈ ಮುಟ್ಟಬ್ಯಾಡ ಅತ್ತೆ” ಎಂದಳು. ಎಡತೋಳು. ಬಸವಕ್ಕನದು ಊದಿದ್ದ ಜಾಗವೇ.

ಡಿಸೆಂಬರ್ ೧೦, ಸಂಜೆ

ಕೇಳಿಬಿಟ್ಟೆ. ದೇವರ ತಟ್ಟಿಯ ಹಿಂದೆ ಅಣ್ಣ ಒಬ್ಬನೇ ಇದ್ದ. ಸೂಜಿ ಹಾಕಿಸಿಕೊಂಡಿದ್ದೀಯಾ ಎಂದೆ. ಇಲ್ಲವೆನ್ನುತ್ತಾನೆ, ನಾನು ಕ್ಷಮೆ ಕೇಳುತ್ತೇನೆ, ಇಬ್ಬರೂ ಅನ್ನ ಉಣ್ಣುತ್ತೇವೆ ಎಂದುಕೊಂಡು ಹೋಗಿದ್ದೆ. ಅವನು ಮೊದಲು ಸುತ್ತ ನೋಡಿದ, ಆಮೇಲೆ ದನಿ ತಗ್ಗಿಸಲು ಹೇಳಿದ.

ಮಂತ್ರಾಲಯಕ್ಕೆ ಹೋಗೇ ಇಲ್ಲ. ಗುಂತಕಲ್ಲು ದಾಟಿ ಬಳ್ಳಾರಿಗೆ ಹೋಗಿ, ಗುರುತಿನವರು ಯಾರೂ ಇಲ್ಲದ ಕಡೆ ಮೂವರೂ ಹಾಕಿಸಿಕೊಂಡು ಬಂದಿದ್ದಾರೆ. ಇಲ್ಲಿ ಬೇವಿನ ಮರದಡಿ ಹಾಕಿಸಿಕೊಂಡರೆ ಓಣಿ ನೋಡುತ್ತದಲ್ಲ. ನೋಡಿದರೆ ಇವನ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ? ಹಾಗಾದರೆ ತುಂಗಾಳ ತಲೆಗೆ ಹಾಕಿದ ಅಕ್ಷತೆ ಎಲ್ಲಿಯದು ಎಂದೆ. ಅಷ್ಟರಲ್ಲಿ ಬಂದ ವೈನಿ, ಬಳ್ಳಾರಿಯ ಛತ್ರದಲ್ಲಿ ಅಕ್ಕಿಗೆ ಅರಿಶಿನ ಸುಣ್ಣ ಕಲೆಸಿದೆವು ಎಂದರು. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ಪಾಪ.

“ನನ್ನ ಬಿಡು. ತುಂಗಾನ್ನ ಯಾಕ ಕರಕೊಂಡು ಹೋಗಲಿಲ್ಲ?” ಎಂದೆ.

“ಕರಕೊಂಡು ಹೋಗಬೇಕಂತನ ಇದ್ದೆ” ಎಂದ. “ಆಕಿ ಮಾತಿನ ಮಲ್ಲಿ. ಎಲ್ಲಾರ ಮುಂದ ಹೇಳಿಬಿಡ್ತಾಳಂತ ಬಿಟ್ಟೆ.”

ನನ್ನ ಮಗಳು ಸಾಯಬಹುದಿತ್ತು, ಬಾಯಿ ಬಿಡಬಾರದಿತ್ತು. ಅದನ್ನು ಅವನು ಲೆಕ್ಕ ಹಾಕಿ ನೋಡಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ ಬೈದು ಬರುತ್ತಿದ್ದೆ. ಬಾಗಿಲಿಗೆ ಅಡ್ಡ ನಿಂತವನು ಇವನೇ. ಅವನು ಉಳಿಸಿದ ಕೂದಲು ನನ್ನ ತಲೆಯ ಮೇಲೆ ಹಾಗೇ ಇದೆ. ಬೈಯಲಿಲ್ಲ. ಎದ್ದು ಬಂದೆ.

ನನಗೆ ಜ್ವರವಿಲ್ಲ, ಎಲ್ಲೂ ಗಂಟಿಲ್ಲ, ಕೈಕಾಲು ಸರಿ ಇವೆ. ಕೂರಲಾರೆ, ನಿಲ್ಲಲಾರೆ, ಅನ್ನ ಇಳಿಯುತ್ತಿಲ್ಲ. ‘ಡಿಸೀಸ್’ ಎಂಬ ಆ ಮಾತು ಇಟ್ಟವರನ್ನು ನೆನೆದು ನಕ್ಕಿದ್ದೆ. ಅವರಿಗೆ ಕಚ್ಚಿದ್ದು ಸೊಳ್ಳೆಯಲ್ಲ.

ಡಿಸೆಂಬರ್ ೧೧

ಬೆಳಕು ಹರಿದ ಮೇಲೆ, ಓಣಿಯವರೆಲ್ಲ ತಟ್ಟಿಗಳ ಮುಂದೆ ಹಲ್ಲುಜ್ಜುತ್ತಿದ್ದಾಗ, ತುಂಗಾಳ ಕೈ ಹಿಡಿದುಕೊಂಡು ಹೊಲದ ನಡುವೆಯೇ ನಡೆದು ಬೇವಿನ ಮರದಡಿ ಹೋದೆ. ಮೊದಲು ನಾನು ತೋಳು ಕೊಟ್ಟೆ. ತುಂಗಾ ಅಳಲಿಲ್ಲ, ಸುಂಕಣ್ಣನ ಮೀಸೆ ನೋಡುತ್ತ ನಿಂತಳು. ಇದು ಮೈಗೆ ಹಿಡಿಯಲು ಇನ್ನೂ ಕೆಲವು ದಿನ ಬೇಕಂತೆ. ಅಷ್ಟರೊಳಗೆ ಬೇನೆ ತಗಲಿದರೆ ತನ್ನ ಕೈಲಿಲ್ಲ ಎಂದ. ಬಳ್ಳಾರಿಯ ರೈಲು ಹತ್ತಿಸಿದ್ದರೆ ಆ ದಿನಗಳು ಆಗಲೇ ಕಳೆದಿರುತ್ತಿದ್ದವು.

ಶ್ರೀನಿವಾಸನಿಗೆ ನಿನ್ನೆಯಿಂದ ಚಳಿಜ್ವರವಂತೆ. ತೊಡೆಯ ಸಂದಿಯಲ್ಲಿ ಗಂಟು.

ಡಿಸೆಂಬರ್ ೧೨

ಓಣಿಯ ಹಿರಿಯರು ಸೇರಿದರು. ಜಯಾಬಾಯಿ ಹಾಡುಹಗಲೇ ಮಾಂಸದ ಸೂಜಿ ಹಾಕಿಸಿಕೊಂಡಳು, ಏನು ಮಾಡಬೇಕು ಎಂದು ಅನಂತಾಚಾರ್ಯರನ್ನು ಕೇಳಿದರು. ಅನಂತಾಚಾರ್ಯರು ಶಾಲು ಹೊದ್ದು ನಡುವೆ ಕೂತಿದ್ದರು. ಮೈಯ ಮೇಲೆ ಅದೇ ಶಾಲು, ಒಳಗೆ ಅದೇ ತೋಳು. ಪ್ರಾಯಶ್ಚಿತ್ತ ಆಗುವವರೆಗೆ ತಾಯಿ ಮಗಳು ಪಂಕ್ತಿಯಿಂದ ಹೊರಗೆ, ದೇವರ ತಟ್ಟಿಯ ಕಡೆ ಸುಳಿಯಬಾರದು ಎಂದರು. ನನ್ನ ಮುಖ ನೋಡಲಿಲ್ಲ.

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಇಲ್ಲಿಗೆ ಆ ಕೂದಲಿನ ಋಣ ತೀರಿತು ಎಂದುಕೊಂಡೆ. ನನ್ನ ತಟ್ಟೆ, ತುಂಗಾಳ ತಟ್ಟೆ, ನಿಘಂಟು ಎತ್ತಿಕೊಂಡು ಬಸವಕ್ಕನ ಗುಡಿಸಲಿಗೆ ಬಂದೆ. ಅವಳು ಕುರಿಯ ಕಂಬಳಿ ಕೊಡವಿ ಹಾಸಿದಳು.

ತುಂಗಾಳ ಮೈ ಬಿಸಿ ಇದೆ. ಸೂಜಿಯದೋ, ಬೇನೆಯದೋ. ಗಳಿಗೆಗೊಮ್ಮೆ ಕಂಕುಳು ಮುಟ್ಟಿ ನೋಡುತ್ತೇನೆ.

ಡಿಸೆಂಬರ್ ೧೩

ಶ್ರೀನಿವಾಸ ಹೋದ.

ಡಿಸೆಂಬರ್ ೧೫

ತುಂಗಾಳ ಜ್ವರ ಇಳಿಯಿತು. ಗಂಟು ಇಲ್ಲ. ತೋಳು ಮಾತ್ರ ಊದಿದೆ. ಸೂಜಿ ಹಿಡಿಯಿತು ಎಂದು ಬಸವಕ್ಕ ಅವಳಿಗೆ ದೃಷ್ಟಿ ತೆಗೆದಳು. ಇವತ್ತು ನಾನು ಹೊಟ್ಟೆ ತುಂಬ ಉಂಡೆ. ಉಂಡದ್ದಕ್ಕೆ ನಾಚಿಕೆಯೂ ಆಯಿತು, ಏಕೆಂದರೆ ಕೈ ತೊಳೆಯುವಾಗ ಅನ್ನಪೂರ್ಣಾಬಾಯಿ ಬಂದರು.

ಸೂತಕದಲ್ಲಿರುವವರು ಎಲ್ಲೂ ಹೋಗುವುದಿಲ್ಲ, ಅವರು ಹೊಲ ದಾಟಿ ನನ್ನ ಬಳಿ ಬಂದಿದ್ದರು. ನಾನು ಹೊರಗಿನವಳಾದ್ದರಿಂದ ನನಗೆ ಮೈಲಿಗೆಯ ಭಯವಿಲ್ಲ ಎಂದುಕೊಂಡಿರಬೇಕು. ಕಂಬಳಿಯ ಮೇಲೆ ಕೂತು ಮಗನ ಮಾತು ಆಡಿದರು. ಕೊನೆಯ ದಿನ ಅವನು, ಹಾಕಿಸಿಕೊಂಡಿದ್ದರೆ ಉಳೀತಿದ್ದೆನೇನೋ ಅವ್ವಾ ಎಂದನಂತೆ.

“ಆಚಾರ್ರು ತಮ್ಮ ಮಗಳಿಗ ಹಾಕಿಸಿಲ್ಲಪಾ, ಅವರ ಮಗಳಿಗೆ ಇಲ್ಲದ್ದು ನಮಗ ಬ್ಯಾಡ ಅಂತ ಹೇಳಿದೆ. ಹೂಂ ಅಂದ” ಎಂದರು. “ನಾ ಹೇಳಿದ್ದು ಖರೇ ಐತಲ್ಲ ಜಯಕ್ಕಾ? ನೀ ಅದ ಮನ್ಯಾಕಿ. ಖರೇ ಐತಿ ಅಂತ ಒಂದು ಮಾತು ಹೇಳು, ಸಾಕು.”

ಹೌದು ಎಂದಿದ್ದರೆ ಅವರು ಸಮಾಧಾನವಾಗಿ ಹೋಗುತ್ತಿದ್ದರು. ನನ್ನ ಬಾಯಲ್ಲಿ ಆ ಮಾತು ಹೊರಳಲಿಲ್ಲ. ಇಲ್ಲ ಎನ್ನಲೂ ಆಗಲಿಲ್ಲ. ಎದ್ದು, ಅವರ ಕೈ ಹಿಡಿದು ಎಬ್ಬಿಸಿ, ದೇವರ ತಟ್ಟಿಯ ಕಡೆ ಕರೆದುಕೊಂಡು ಹೋದೆ. ಪೂಜೆ ಮುಗಿಸಿ ಅನಂತಾಚಾರ್ಯರು ಹೊರಗೆ ಬಂದು ನಿಂತಿದ್ದರು. ಇಬ್ಬರನ್ನೂ ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

“ಇವರು ಒಂದು ಮಾತು ಕೇಳ್ತಾರ. ನಾ ಹೇಳಂಗಿಲ್ಲ, ನೀನ ಹೇಳು” ಎಂದೆ.

ಅನ್ನಪೂರ್ಣಾಬಾಯಿ ಕೇಳಿದರು. ಅನಂತಾಚಾರ್ಯರು ವಿಧಿ, ಪ್ರಾರಬ್ಧ ಎಂದೇನೋ ಶುರುಮಾಡಿ, ಮಾತಿನ ನಡುವೆ ಬಲಗೈಯಿಂದ ಶಾಲನ್ನು ಎಡತೋಳಿನ ಮೇಲೆ ಎಳೆದುಕೊಂಡರು. ಅದೊಂದು ತಪ್ಪು ಮಾಡಿದರು. ಅನ್ನಪೂರ್ಣಾಬಾಯಿ ಗಂಡನಿಗೂ ಮಗನಿಗೂ ವರ್ಷಗಟ್ಟಲೆ ಗೋಪಿಚಂದನ ಇಟ್ಟುಕೊಟ್ಟವರು. ಪೂಜೆ ಮುಗಿಸಿ ಬಂದವರು ಶಂಖ ಮುಚ್ಚಿಕೊಳ್ಳುವುದನ್ನು ಅವರು ಎಂದೂ ನೋಡಿಲ್ಲ. ಮುಂದೆ ಹೋಗಿ, ಸೂತಕದ ಕೈಯಿಂದಲೇ, ಶಾಲಿನ ಮೇಲಿಂದ ಆ ತೋಳನ್ನು ಒತ್ತಿದರು.

ಪಂಡಿತರಿಗೆ ಮೈಲಿಗೆಯಾಯಿತು ಎನ್ನಲು ಪುರುಸೊತ್ತಾಗಲಿಲ್ಲ. ನೋವಿಗೆ ಮುಖ ಕಿವುಚಿ ಕೂತುಬಿಟ್ಟರು. ಕೀವು ತುಂಬಿದೆ ಅಂತ ಕಾಣುತ್ತದೆ, ಪಟ್ಟಿ ಒದ್ದೆಯಾಯಿತು.

ಅನ್ನಪೂರ್ಣಾಬಾಯಿ ಅಳಲಿಲ್ಲ, ಶಪಿಸಲಿಲ್ಲ. ಸುತ್ತ ತಟ್ಟಿಗಳ ಬಾಗಿಲಲ್ಲಿ ನಿಂತಿದ್ದ ಹೆಂಗಸರ ಕಡೆ ತಿರುಗಿ, “ಇವರು ಹಾಕಿಸಿಕೊಂಡಾರ” ಎಂದಷ್ಟೇ ಹೇಳಿ ತಮ್ಮ ತಟ್ಟಿಗೆ ಹೋದರು.

ಡಿಸೆಂಬರ್ ೧೬

ಇವತ್ತು ಧನುರ್ಮಾಸ ಶುರು. ಕರಪತ್ರದ ಮಾತು ಹೆಂಗಸರಿಗೆ ತಿಳಿಯುತ್ತಿಲ್ಲ, ಸುಂಕಣ್ಣನ ಮೇಜಿನ ಹತ್ತಿರ ಹಾಕಲು ಹಗುರ ಮಾತಿನಲ್ಲಿ ಬರೆದುಕೊಡು ಎಂದು ಬಸವಕ್ಕ ಕೇಳಿದಳು. ‘ರೋಗ’ ಹೊಡೆದು ‘ಬೇನೆ’ ಎಂದು ಬರೆದುಕೊಟ್ಟೆ. ಯಾರೂ ವಾದ ಮಾಡಲಿಲ್ಲ. ವಾದ ಮಾಡುವವರು ಇಲ್ಲದ್ದಕ್ಕೆ ಒಂದು ಕ್ಷಣ ನೋವಾಯಿತು.

ಬೇವಿನ ಮರದಡಿ ಮೊದಲು ಬಂದು ನಿಂತವರು ಅನ್ನಪೂರ್ಣಾಬಾಯಿ. ಅವರ ಹಿಂದೆ ಓಣಿಯ ಹೆಂಗಸರು, ಮಕ್ಕಳು, ಮೊನ್ನೆ ನನ್ನ ವಿಚಾರಣೆಗೆ ಕೂತಿದ್ದ ಹಿರಿಯರು. ತುಂಗಾ ಸಾಲಿನ ಉದ್ದಕ್ಕೂ ಓಡಾಡಿ, ನೋವಾಗುವುದಿಲ್ಲ, ಮೀಸೆ ನೋಡಿ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅವಳು ಮಾತಿನ ಮಲ್ಲಿಯೇ ಸರಿ.

ಹೊತ್ತೇರಿದ ಮೇಲೆ ಅನಂತಾಚಾರ್ಯರು ದೇವರ ತಟ್ಟಿಯಿಂದ ಹೊರಗೆ ಬಂದರು. ಶಾಲು ಇರಲಿಲ್ಲ. ಪಟ್ಟಿ ಬಿಚ್ಚಿ, ಗಾಯದ ಮೇಲೆಯೇ ಶಂಖ ಒತ್ತಿಕೊಂಡಿದ್ದರು. ಓಣಿ ನೋಡಲೆಂದು ಎಡತೋಳನ್ನು ಈ ಕಡೆ ಮಾಡಿ ಬಹಳ ಹೊತ್ತು ನಿಂತರು. ನನ್ನ ಹೊರತು ಯಾರೂ ನೋಡಲಿಲ್ಲ. ಎಲ್ಲರೂ ಸುಂಕಣ್ಣನ ಸಾಲಿನಲ್ಲಿ ನಿಂತು ತೋಳಿನ ಬಟ್ಟೆ ಮಡಿಸಿಕೊಳ್ಳುತ್ತಿದ್ದರು.